ಗಂಟಲಿಗಿಳಿಯುವ ಕಹಿ

ದೃಷ್ಟಿ ಪರೀಕ್ಷೆಯ ಕಾಗದದ ಮೇಲೆ ನನ್ನ ಎಡಗಣ್ಣು ಒಂದು ಬಿಳಿಯ ವೃತ್ತವಾಗಿತ್ತು. ಅದರ ಎಡ ಅಂಚಿನಲ್ಲಿ ಮಸಿ ಚೆಲ್ಲಿದ ಹಾಗೆ ಒಂದು ಕಪ್ಪು ಕಲೆ. ಡಾಕ್ಟರಮ್ಮ ಪೆನ್ನಿನ ತುದಿಯನ್ನು ಆ ಕಲೆಯ ಮೇಲಿಟ್ಟು, "ಇಷ್ಟು ಹೋಗಿದೆ," ಎಂದರು.

ನನಗೆ ನಂಬಿಕೆಯಾಗಲಿಲ್ಲ. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನೂ ಓದಿ ತೋರಿಸಿದೆ.

"ನೇರಕ್ಕಿರೋದು ಕಾಣುತ್ತೆ ಮೇಷ್ಟ್ರೇ. ಪಕ್ಕದ್ದು ಹೋಗ್ತಿದೆ. ಹೋಗ್ತಿರೋದು ನಮಗೆ ಗೊತ್ತೇ ಆಗಲ್ಲ. ಗ್ಲಾಕೋಮಾ ಅಂದ್ರೆ ಹಾಗೇ. ಕಣ್ಣಿನ ಒತ್ತಡ ಇಳಿಸೋಕೆ ಹನಿ ಬರೆದುಕೊಡ್ತೀನಿ, ದಿನಕ್ಕೆ ಎರಡು ಸಲ, ತಪ್ಪಿಸಬಾರದು."

ಆಗ ನಾನು ಪೇಟೆಬೀದಿಯ ಮಹಡಿಯ ಮೇಲೆ ಬೆರಳಚ್ಚು ಶಾಲೆ ನಡೆಸುತ್ತಿದ್ದೆ. ಹನಿಯ ಶೀಶೆಯನ್ನು ಶಾಲೆಯ ಮೇಜಿನ ಖಾನೆಯಲ್ಲಿಟ್ಟೆ. ಹೆಂಡತಿ ವಿಶಾಲುವಿಗೆ ಹೇಳಲಿಲ್ಲ. ಹೇಳಿದರೆ ರೋಗ ನಿಜವಾಗಿಬಿಡುತ್ತದೆ ಎನ್ನುವಂಥ ಒಂದು ಭಯ. ನಿದ್ದೆ ಹಾರಿತು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆ ನೋಡುವ ಚಟ ಹತ್ತಿತು. ಅನ್ನಕ್ಕೆ ಉಪ್ಪು ಕಡಿಮೆಯಾದರೂ ಸಿಡುಕುತ್ತಿದ್ದೆ. ವಿಶಾಲು ಮೊದಮೊದಲು ಉತ್ತರ ಕೊಡುತ್ತಿದ್ದಳು, ಆಮೇಲೆ ಮಾತನ್ನೇ ಬಿಟ್ಟಳು.

ತಿಂಗಳಾದ ಮೇಲೆ ಡಾಕ್ಟರಮ್ಮ ನನ್ನ ಮುಖ ನೋಡಿ, "ನಿದ್ದೆ ಮಾಡ್ತಿಲ್ಲ ನೀವು. ಹನಿ ಹಾಕ್ತಾ ಇರಿ, ಜೊತೆಗೆ ಬೆಳಿಗ್ಗೆ ಸಿಸ್ಟರ್ ಫ್ಲೋರಿನ್ ಧ್ಯಾನ ಮಾಡಿಸ್ತಾರೆ, ಬಂದು ಕೂತ್ಕೊಳ್ಳಿ," ಎಂದರು.

ಆಸ್ಪತ್ರೆಯ ಹಿಂದಿನ ಜಗುಲಿಯಲ್ಲಿ ಚಾಪೆ ಹಾಸಿ ಏಳೆಂಟು ಜನ ಕೂರುತ್ತಿದ್ದರು. ಎಲ್ಲರದೂ ಒಂದೇ ಕಾಯಿಲೆ. ಸಿಸ್ಟರ್ ಫ್ಲೋರಿನ್ ಮೊದಲ ದಿನವೇ ಎಚ್ಚರಿಸಿದರು: "ಇದು ನಿಮ್ಮ ಹೆದರಿಕೆಗೆ ಮದ್ದು. ಕಣ್ಣಿಗೆ ಹನಿಯೇ ಮದ್ದು. ಒಂದನ್ನ ಹಿಡಿದು ಇನ್ನೊಂದನ್ನ ಬಿಡೋ ಹಾಗಿಲ್ಲ." ಮತ್ತೆ ಉಸಿರನ್ನು ಗಮನಿಸಲು ಹೇಳಿ ತಾವೂ ಕಣ್ಣು ಮುಚ್ಚಿದರು.

ನನ್ನ ಪಕ್ಕದ ಚಾಪೆ ಪುಟ್ಟತಾಯಮ್ಮನದು. ಮದುವೆ ಅಡುಗೆಯ ಪುಟ್ಟತಾಯಮ್ಮನೆಂದರೆ ಊರಿಗೇ ಗೊತ್ತು. ಸಾವಿರ ಎಲೆಯ ಊಟವನ್ನು ಬರಿಯ ನಾಲಿಗೆಯ ಮೇಲೆ ನಿಭಾಯಿಸುತ್ತಿದ್ದಾಕೆ. ಒಮ್ಮೆ ಬಲಗಡೆಯಿಂದ ಕುದಿಯುವ ಸಾರಿನ ಕೊಳಗ ಹೊತ್ತು ಬರುತ್ತಿದ್ದ ಸಹಾಯಕಿ ಕಾಣದೆ ಅಡ್ಡ ತಿರುಗಿ, ಮೊಣಕಾಲಿನಿಂದ ಕೆಳಗೆ ಸುಟ್ಟುಕೊಂಡಿದ್ದರು. ಅಂದಿನಿಂದ ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರಂತೆ.

"ಮೂಗು ನೋಡ್ಕೊಂಡು ಕೂತ್ರೆ ಕಣ್ಣು ಬರುತ್ತಾ ಸಿಸ್ಟರಮ್ಮ?" ಎಂದು ದಿನವೂ ಕೇಳುತ್ತಿದ್ದರು. ಕೇಳಿ, ಎಲ್ಲರಿಗಿಂತ ನೆಟ್ಟಗೆ ಕೂರುತ್ತಿದ್ದರು.

ನನಗೆ ಮಾತ್ರ ಧ್ಯಾನ ಬೇಗ ಒಲಿಯಿತು. ಎರಡನೆಯ ವಾರಕ್ಕೆ ನಿದ್ದೆ ಬಂತು. ಮೂರನೆಯ ವಾರ ವಿಶಾಲು, "ಏನಿದು, ಸಿಡುಕೇ ಇಲ್ಲ!" ಎಂದು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ಹನಿ ಹಾಕಿದರೆ ಕಣ್ಣು ಉರಿದು ಕೆಂಪಾಗುತ್ತಿತ್ತು, ಶಾಲೆಯ ಹುಡುಗಿಯರು ಏನಾಯಿತೆಂದು ಕೇಳುತ್ತಿದ್ದರು. ಒಂದು ಸಂಜೆ ಹಾಕಲಿಲ್ಲ. ಮರುದಿನ ಏನೂ ಆಗಲಿಲ್ಲ. ಮನಸ್ಸು ತಿಳಿಯಾಗಿದೆಯೆಂದ ಮೇಲೆ ಕಣ್ಣಿನ ಒತ್ತಡವೂ ಇಳಿದಿರಲೇಬೇಕೆಂದು ನಾನೇ ತೀರ್ಮಾನಿಸಿಕೊಂಡೆ. ಹಾಗೆ ಹನಿಯಿಲ್ಲದೆ ಎರಡು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಧ್ಯಾನ ಮುಗಿದು ಎಲ್ಲರೂ ಹೋದ ಮೇಲೆ ಪುಟ್ಟತಾಯಮ್ಮ ಡಬ್ಬಿ ಬಿಚ್ಚಿ ಕೊಬ್ಬರಿ ಮಿಠಾಯಿ ಮುಂದೆ ಹಿಡಿದರು.

"ತಗೊಳ್ಳಿ ಮೇಷ್ಟ್ರೇ. ನಿಮಗೂ ನನ್ನ ಔಷಧೀನೇ ಅಂತೆ. ಹನಿ ಹಾಕಿದ ಮೇಲೆ ಗಂಟಲಿಗೆ ಇಳಿಯುತ್ತಲ್ಲ, ಆ ಹಾಳು ಕಹಿಗೆ ಇದು ಒಳ್ಳೇದು."

"ಕಹಿಯೇ? ನನಗೇನೂ ಹಾಗೆ ಆಗಲ್ಲವಲ್ಲ," ಎಂದೆ.

ಅವರು ಇಡೀ ಮುಖವನ್ನು ನನ್ನತ್ತ ತಿರುಗಿಸಿದರು. "ಮೊದಲೂ ಆಗ್ತಿರಲಿಲ್ವಾ?"

ಆಗ ನೆನಪಾಯಿತು. ಮೊದಲ ತಿಂಗಳು ಹನಿ ಹಾಕಿದ ಮೇಲೆಲ್ಲ ನೀರು ಕುಡಿಯುತ್ತಿದ್ದೆ. ಮಿಠಾಯಿ ಕೈಯಲ್ಲೇ ಉಳಿಯಿತು.

"ಹನಿ ಹಾಕ್ತಿಲ್ಲ ನೀವು."

"ನಿಮಗ್ಯಾಕೆ ಅದೆಲ್ಲ?" ನನ್ನ ದನಿ ಏರಿತು. "ನನ್ನ ಕಣ್ಣು, ನನಗೆ ಗೊತ್ತು."

ಅವರು ಕೋಪಿಸಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ತೊಡೆಯ ಮೇಲಿಟ್ಟುಕೊಂಡರು. "ಆ ಕೊಳಗ ನನಗೆ ಯಾಕೆ ಕಾಣಲಿಲ್ಲ ಅಂತ ಯಾರಿಗೂ ಹೇಳಿಲ್ಲ ಮೇಷ್ಟ್ರೇ. ಎಲ್ಲಾರೂ ಆಗಷ್ಟೇ ಕಾಯಿಲೆ ಗೊತ್ತಾಯ್ತು ಅಂದ್ಕೊಂಡವ್ರೆ. ಅದಕ್ಕೆ ಒಂದು ವರ್ಷ ಮುಂಚೇನೇ ಹನಿ ಕೊಟ್ಟಿದ್ರು. ಮದುವೆ ಕಾಲ, ಒಂದರ ಹಿಂದೆ ಒಂದು ಅಡುಗೆ, ನೋವಿಲ್ಲ ಏನಿಲ್ಲ. ಬಿಟ್ಟೆ. ಕೊಳಗ ಹೊತ್ತಿದ್ದ ರತ್ನ ಇವತ್ತಿಗೂ ತನ್ನದೇ ತಪ್ಪು ಅಂತ ಅಳ್ತಾಳೆ. ಅವಳಿಗೂ ಹೇಳಿಲ್ಲ ನಾನು."

ಒಳಗೆ ಯಾರದೋ ಹೆಸರು ಕೂಗುತ್ತಿದ್ದರು.

"ಡಾಕ್ಟರಮ್ಮನಿಗೆ ನಾನು ಹೇಳಲ್ಲ," ಎಂದರು ಪುಟ್ಟತಾಯಮ್ಮ. "ನೀವೇ ಹೇಳಿ. ನಾಳೆ ಅನ್ಬೇಡಿ. ಈಗಲೇ ಎದ್ದೇಳಿ."

ಎದ್ದೆ. ಡಾಕ್ಟರಮ್ಮನ ಎದುರು ನಿಂತು, ಪಾಠ ಬಾರದ ವಿದ್ಯಾರ್ಥಿಯ ಹಾಗೆ, ಎರಡು ತಿಂಗಳ ಕತೆ ಒಪ್ಪಿಸಿದೆ. ಅವರು ಬೈಯಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದರು. ಹೊಸ ಕಾಗದ ಬಂತು. ಅದೇ ಬಿಳಿಯ ವೃತ್ತ. ಕಪ್ಪು ಕಲೆ ಅಂಚನ್ನು ದಾಟಿ ಒಳಕ್ಕೆ ಹರಿದಿತ್ತು. ಹಳೆಯದನ್ನು ಪಕ್ಕದಲ್ಲಿಟ್ಟು ನೋಡುವ ಧೈರ್ಯವಾಗಲಿಲ್ಲ.

"ಇದು ವಾಪಸ್ ಬರುತ್ತಾ?"

"ಇಲ್ಲ. ಉಳಿದಿರೋದನ್ನ ಕಾಪಾಡ್ಕೊಳ್ಳೋಣ."

ಅಂದು ಸಂಜೆ ಶೀಶೆಯನ್ನು ಮನೆಗೆ ತಂದು ವಿಶಾಲುವಿನ ಮುಂದಿಟ್ಟೆ. ಅವಳು ಪೂರ್ತಿ ಕೇಳಿ, "ನನ್ನ ಮೇಲೆ ಕೂಗಾಡೋ ಬದಲು ಇದನ್ನ ಹೇಳಬಾರದಿತ್ತಾ?" ಎಂದಳು. ಕಣ್ಣೊರೆಸಿಕೊಂಡು, ಹನಿ ಹಾಕುವುದು ಹೇಗೆಂದು ಕೇಳಿದಳು. ಅಂದಿನಿಂದ ಆ ಕೆಲಸ ಅವಳದು.

ಧ್ಯಾನವನ್ನು ನಾನು ಬಿಡಲಿಲ್ಲ. ಬಿಟ್ಟಿದ್ದರೆ ಆ ವಾರವೇ ಕುಸಿಯುತ್ತಿದ್ದೆನೇನೋ. ಹೋದ ಕಣ್ಣನ್ನು ಅದು ತರಲಿಲ್ಲ. ಹೋದದ್ದನ್ನು ನೆನೆನೆನೆದು ಇದ್ದ ದಿನವನ್ನೂ ಹಾಳುಮಾಡಿಕೊಳ್ಳುವುದು ಮಾತ್ರ ಕ್ರಮೇಣ ಕಡಿಮೆಯಾಯಿತು. ಪುಟ್ಟತಾಯಮ್ಮ ರತ್ನಳನ್ನು ಕರೆಸಿ ನಿಜ ಹೇಳಿದರು. ಅವಳು ಎರಡು ದಿನ ಮಾತಾಡಲಿಲ್ಲವಂತೆ, ಮೂರನೆಯ ದಿನ ತಾನೇ ಬಂದು ಒಂದು ನಾಮಕರಣದ ಅಡುಗೆಗೆ ಕರೆದುಕೊಂಡು ಹೋದಳಂತೆ. ಒಲೆಯಿಂದ ದೂರ ಮಣೆ ಹಾಕಿಕೊಂಡು ಕುಳಿತು, ತಂದುಕೊಟ್ಟದ್ದನ್ನು ರುಚಿ ನೋಡಿ ಹದ ಹೇಳುವುದು ಪುಟ್ಟತಾಯಮ್ಮನ ಹೊಸ ಕೆಲಸ. ನನ್ನ ಕಣ್ಣಿನ ಒತ್ತಡ ನಾಲ್ಕು ತಿಂಗಳಿಗೆ ಹಿಡಿತಕ್ಕೆ ಬಂತು. ಮುಂದಿನ ಕಾಗದಗಳಲ್ಲಿ ಕಲೆ ಬೆಳೆಯಲಿಲ್ಲ.

ಆಸ್ಪತ್ರೆಯ ಎದುರಿನ ರಸ್ತೆ ಸದಾ ಗಿಜಿಗುಡುತ್ತಿತ್ತು. ಎಷ್ಟೋ ದಿನ ನಾವಿಬ್ಬರೂ ಬೇರೆಬೇರೆಯಾಗಿ, ಯಾರಾದರೂ ಕೈ ಹಿಡಿದು ದಾಟಿಸಲೆಂದು ಕಾಯುತ್ತ ಅಂಚಿನಲ್ಲಿ ನಿಂತಿರುತ್ತಿದ್ದೆವು. ಒಂದು ಬೆಳಿಗ್ಗೆ ಪುಟ್ಟತಾಯಮ್ಮ ನನ್ನ ಎಡಕ್ಕೆ ಬಂದು ನಿಂತು, ಅಂಗಿಯ ತೋಳು ಹಿಡಿದರು.

"ಬಲಗಡೆ ನೀವು ನೋಡ್ಕೊಳ್ಳಿ ಮೇಷ್ಟ್ರೇ. ಎಡಗಡೆ ನನಗೆ ಬಿಡಿ."

ನಾನು ಬಲಕ್ಕೆ ನೋಡಿದೆ. ಒಂದು ಎತ್ತಿನ ಗಾಡಿ ದಾಟಿಹೋಯಿತು. "ಈ ಕಡೆ ಯಾರೂ ಇಲ್ಲ," ಎಂದೆ. "ಈ ಕಡೇನೂ," ಎಂದರು ಅವರು. ಇಬ್ಬರೂ ರಸ್ತೆಗೆ ಇಳಿದೆವು.