ನೀಲಿಗೆ ತಿರುಗಿದ ಹಾಲು

ಮಾದಮ್ಮನ ಹಾಲಿಗೆ ಅದ್ದಿದ ಕಾಗದದ ಪಟ್ಟಿ ನೀಲಿಯಾಗಿ ಹೊಳೆಯಿತು. ಸೌಜನ್ಯ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು. ಅಂಗಡಿಯವರು ನೋಟು ಪರೀಕ್ಷಿಸಲು ಇಟ್ಟುಕೊಳ್ಳುವಂಥ ನೇರಳೆ ಬೆಳಕಿನ ಟಾರ್ಚು ಅದು. ಅಲ್ಲಿಯವರೆಗೆ ಇಪ್ಪತ್ತಮೂರು ಮನೆಗಳ ಹಾಲು ಹಸಿರು ತೋರಿಸಿತ್ತು. ಇದೊಂದೇ ನೀಲಿ.

ದುದ್ದದ ಹತ್ತಿರದ ಆ ಊರಿನ ಡೈರಿಯ ಮುಂದೆ ಬೆಳಗಿನ ಸಾಲು ಇನ್ನೂ ಕರಗಿರಲಿಲ್ಲ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಸೌಜನ್ಯ ಇದೇ ಊರಿನವಳು. ಸುತ್ತಲಿನ ದ್ರವಕ್ಕೆ ತಕ್ಕಂತೆ ಹೊಳಪಿನ ಬಣ್ಣ ಬದಲಿಸುವ ವಸ್ತುವೊಂದನ್ನು ತಯಾರಿಸುವುದರಲ್ಲಿ ನಾಲ್ಕು ವರ್ಷ ಸವೆಸಿದ್ದಳು, ಅವಳ ಪಿಎಚ್.ಡಿ. ಅದರ ಮೇಲೆಯೇ. ಅದನ್ನು ಹೀರಿಸಿದ ಕಾಗದ ಒಳ್ಳೆಯ ಹಾಲಿನಲ್ಲಿ ಹಸಿರಾಗಿ, ಎಣ್ಣೆ, ಸೋಪಿನ ಪುಡಿ ಬೆರೆಸಿದ ಹಾಲಿನಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಡೈರಿಯ ಕಾರ್ಯದರ್ಶಿಯಾಗಿದ್ದ ಅವಳ ಚಿಕ್ಕಪ್ಪ ಪರಮಶಿವಯ್ಯ, ಮೊದಲು ನಮ್ಮೂರಿನಲ್ಲೇ ನೋಡು ಎಂದು ಕರೆಸಿಕೊಂಡಿದ್ದರು.

"ನಂಗೆ ಮೊದ್ಲೇ ಡೌಟಿತ್ತು," ಎಂದರು ಪರಮಶಿವಯ್ಯ, ಸಾಲಿಗೆಲ್ಲ ಕೇಳುವಂತೆ. "ಎಲ್ಲಾರ್ದೂ ಫ್ಯಾಟು ಮೂರೂವರೆ ಬಂದ್ರೆ ಇವಳ್ದು ಮಾತ್ರ ಐದೂವರೆ. ಎಣ್ಣೆ ಸೋಪು ಕಲ್ಸುದ್ರೆ ಇಂಗೇ ಆಗೋದು."

ಮಾದಮ್ಮ ಅವರತ್ತ ನೋಡಲಿಲ್ಲ. ಸೌಜನ್ಯಳನ್ನೇ ನೋಡಿದಳು. "ನಾನ್ಯಾಕವ್ವ ಸೋಪು ಆಕ್ಲಿ? ನಂದು ನಾಟಿ ಅಸ ಕಣವ್ವ. ಕರ ಬಲ್ತೈತೆ, ಆಲು ಮಂದ ಆಗೈತೆ. ಇನ್ನೊಂದ್ ಕಿತ ನೋಡವ್ವ."

ನೋಡಬಹುದಿತ್ತು. ಡಬ್ಬಿಯಲ್ಲಿ ಇನ್ನೂ ನಲವತ್ತು ಪಟ್ಟಿಗಳಿದ್ದವು. ಆದರೆ ಸಾಲಿನಲ್ಲಿದ್ದವರು ಮೊಬೈಲು ಎತ್ತಿ ಹಿಡಿದಿದ್ದರು. ಅದಕ್ಕಿಂತ ಹೆಚ್ಚಾಗಿ, ಪ್ರಯೋಗಶಾಲೆಯ ಹೊರಗೆ ತನ್ನ ಪಟ್ಟಿ ಮೊದಲ ಸಲ ಏನನ್ನೋ ಹಿಡಿದಿತ್ತು. ಆ ಖುಷಿಯಲ್ಲಿ ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಪಟ್ಟಿ ಸುಳ್ಳು ಹೇಳಲ್ಲ ಮಾದಕ್ಕ," ಎಂದಳು.

ಅಂದಿನಿಂದ ಮಾದಮ್ಮನ ಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳಲಿಲ್ಲ. ದಿನವೂ ಅವಳಿಂದ ವರ್ತನೆಯ ಹಾಲು ತೆಗೆದುಕೊಳ್ಳುತ್ತಿದ್ದ ಎರಡು ಮನೆಯವರೂ ಬೇಡವೆಂದರು. ಸೋಪಿನ ಮಾದಮ್ಮ ಎಂಬ ಹೆಸರು ಊರಿನ ಬಾಯಲ್ಲಿ ನಿಂತಿತು. ನೀಲಿ ಪಟ್ಟಿಯ ಫೋಟೋವನ್ನು ಸೌಜನ್ಯ ಎರಡು ವಿಚಾರಸಂಕಿರಣಗಳಲ್ಲಿ ತೋರಿಸಿ ಚಪ್ಪಾಳೆ ಪಡೆದಳು.

ಆರು ತಿಂಗಳ ನಂತರ, ಜೊತೆಯ ಅಧ್ಯಾಪಕ ಮನೋಹರ ಚನ್ನರಾಯಪಟ್ಟಣದ ತಮ್ಮ ಮನೆಯಿಂದ ಕಾಫಿಗೆಂದು ಬಾಟಲಿಯಲ್ಲಿ ಹಾಲು ತಂದರು. ಮನೆಯ ನಾಟಿ ಹಸುವಿನದು. ಸೌಜನ್ಯ ಸುಮ್ಮನೆ ಒಂದು ಪಟ್ಟಿ ಅದ್ದಿ ಬೆಳಕು ಹಿಡಿದಳು. ನೀಲಿ. ಇನ್ನೊಂದು ಅದ್ದಿದಳು. ಅದೂ ನೀಲಿ. ಅವಳಿಗೆ ಕೂತಲ್ಲೇ ಅರ್ಥವಾಯಿತು. ಸುತ್ತ ಜಿಡ್ಡು ಹೆಚ್ಚಾದರೆ ಆ ವಸ್ತು ನೀಲಿಗೆ ತಿರುಗುತ್ತದೆ. ಅದು ಬೆರೆಸಿದ ಎಣ್ಣೆ ಸೋಪಿನದೋ ಹಾಲಿನದೇ ಬೆಣ್ಣೆಯದೋ ಎಂದು ಅದಕ್ಕೆ ತಿಳಿಯದು. ಅವಳು ಮೊದಲಿನಿಂದ ಪರೀಕ್ಷೆಗೆ ಬಳಸಿದ್ದೆಲ್ಲ ಸೀಮೆ ಹಸುವಿನ ತೆಳು ಹಾಲು.

"ಪ್ರಬಂಧದಲ್ಲಿ ಒಂದು ಸಾಲು ಸೇರಿಸಿ ಮೇಡಂ, ಗಟ್ಟಿ ಹಾಲಿಗೆ ಇದು ಆಗಲ್ಲ ಅಂತ," ಎಂದರು ಮನೋಹರ. "ಅಷ್ಟೇ ತಾನೆ?"

ಮರುದಿನ ಬೆಳಗ್ಗೆ ಅವಳು ಡೈರಿಯ ಸಾಲಿನ ಮುಂದೆ ನಿಂತು, ತಪ್ಪು ತನ್ನದು, ಮಾದಮ್ಮನದಲ್ಲ ಎಂದು ಹೇಳಿದಳು. ಯಾರೋ ಹಿಂದಿನಿಂದ, "ಯಾರು, ಸೋಪಿನ್ ಮಾದಮ್ಮನಾ?" ಎಂದರು. ಒಂದಿಬ್ಬರು ನಕ್ಕರು. ಪರಮಶಿವಯ್ಯ ಅಳತೆಯ ಪಾತ್ರೆಯಿಂದ ಕಣ್ಣೆತ್ತದೆಯೇ ಹೇಳಿದರು:

"ಈಗ್ಯಾಕವ್ವ ಅದೆಲ್ಲ? ಅಸ ಮಾರ್ಕಂಡು ಅರಕಲಗೂಡಿನ್ ತಂಗಿ ಮನೇಗ್ ಓಗಿ ಮೂರ್ ತಿಂಗ್ಳಾಯ್ತು ಅವ್ಳು."

ಅರಕಲಗೂಡಿನ ಹೊರಗೆ ಶುಂಠಿ ತೊಳೆಯುವ ಕಣವೊಂದರಲ್ಲಿ ಮಾದಮ್ಮ ಸಿಕ್ಕಳು. ಮೊಣಕೈವರೆಗೂ ಕೆಸರಾಗಿತ್ತು. ಸೌಜನ್ಯಳನ್ನು ಕಂಡು, ಮಗುಚಿದ್ದ ಕ್ರೇಟೊಂದನ್ನು ಸೆರಗಿನಿಂದ ಒರೆಸಿ ಕೂರಿಸಿದಳು. ಸೌಜನ್ಯ ನಡೆದದ್ದನ್ನೆಲ್ಲ ಹೇಳಿದಳು.

"ಗೊತ್ತಿತ್ತು ಬುಡವ್ವ."

"ಏನು ಗೊತ್ತಿತ್ತು?"

"ನಾನು ಸೋಪು ಆಕಿಲ್ಲ ಅನ್ನೋದು. ನಂಗ್ ಗೊತ್ತಿತ್ತಲ್ಲ."

ಸೌಜನ್ಯ ತಲೆ ತಗ್ಗಿಸಿದಳು. "ಡೈರೀಲಿ ಎಲ್ಲರೆದುರು ಹೇಳಿ ಬಂದಿದೀನಿ ಅಕ್ಕ. ಊರಿಗೆ ಬನ್ನಿ."

"ಏಳ್ದಾಗ ನಕ್ಕುದ್ರಾ?"

ಮಾದಮ್ಮ ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತ ಕುಳಿತಳು. "ಸಣ್ಣೋಳಿದ್ದಾಗ ನಮ್ಮನೇಗ್ ಬಂದು ಗಿಣ್ಣು ತಿಂತಿದ್ದೆ ನೀನು," ಎಂದಳು. "ನಮ್ಮುಡ್ಗೀನೇ ಆಲು ನೋಡೋದು ಅಂತ ಅವತ್ತು ಧೈರ್ಯವಾಗಿ ನಿಂತಿದ್ದೆ ಕಣವ್ವ."

ಅಷ್ಟರಲ್ಲಿ ಲಾರಿಯೊಂದು ಹಿಂದಕ್ಕೆ ಬಂದು ನಿಂತಿತು. ಯಾರೋ ಮಾದಮ್ಮನನ್ನು ಕೂಗಿದರು. ಅವಳು ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಹೋಗಿ ಪೈಪು ಹಿಡಿದಳು. ಶುಂಠಿಯ ರಾಶಿಯಿಂದ ಕೆಂಪು ನೀರು ಇಳಿದು ಬಂತು. ಅದು ಕ್ರೇಟಿನವರೆಗೂ ಹರಿದು ಚಪ್ಪಲಿಯನ್ನು ನೆನೆಸಿದರೂ ಸೌಜನ್ಯ ಕಾಲು ತೆಗೆಯಲಿಲ್ಲ.