ಸೊಸೆಗೆ ಅಂಟಿದ ದೇಶ

ಗಡಿಯಾಚೆಯಿಂದ ಮದುವೆಯಾಗಿ ಬಂದ ದಿನದಿಂದ ಆ ಲಾಂಡ್ರಿಯವರ ಮನೆಯಲ್ಲಿ ಸೊಸೆಯನ್ನು ಯಾರೂ ಅವಳ ಹೆಸರು ಹಿಡಿದು ಕರೆದವರಲ್ಲ. ಅವಳ ತವರು ದೇಶದ ಹೆಸರನ್ನೇ ಅವಳಿಗೆ ಇಟ್ಟುಬಿಟ್ಟಿದ್ದರು. ಅಂಗಡಿಯ ಪದ್ಧತಿಯೇ ಹಾಗೆ. ಬಟ್ಟೆಯ ಒಳಅಂಚಿಗೆ ಗಿರಾಕಿಯ ಹೆಸರಿನ ಬದಲು ಅಡ್ಡಹೆಸರು ಬರೆಯುವುದು: ಹಲ್ಲಿನ ಡಾಕ್ಟರಿಗೆ ‘ಹಲ್ಲು’, ಯಾವತ್ತೂ ಹೊತ್ತಿಗೆ ಬಾರದ ವಕೀಲರಿಗೆ ‘ನಾಳೆ’. ಆ ಶಾಯಿ ಎಷ್ಟು ಒಗೆದರೂ ಹೋಗುವುದಿಲ್ಲ. ಇವಳದೂ ಹೋಗಲಿಲ್ಲ.

ಸಾಲದ್ದಕ್ಕೆ ಆ ದೇಶದ ಒಳಿತು ಕೆಡುಕೆಲ್ಲ ಇವಳ ತಲೆಗೇ. ಅಲ್ಲಿಂದ ಬರುವ ಈರುಳ್ಳಿ ತುಟ್ಟಿಯಾದರೆ ಪಕ್ಕದ ದರ್ಜಿ ಬಂದು, “ಏನಮ್ಮ, ನಿಮ್ಮೋರಿಗೆ ಸ್ವಲ್ಪನಾದ್ರೂ ಕರುಣೆ ಬೇಡ್ವಾ?” ಎನ್ನುತ್ತಿದ್ದ. ಅಲ್ಲಿನ ತಂಡ ಆಟದಲ್ಲಿ ಸೋತರೆ ಮೈದುನ ಸಾವಿನ ಮನೆಗೆ ಬಂದವನಂತೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದ.

ಹೀಗಿರುವಾಗ ಅಲ್ಲಿನ ಹೊಸ ಸರ್ಕಾರ ದೇಶದ ಹೆಸರನ್ನೇ ಬದಲಾಯಿಸಿತು. ರೇಡಿಯೋದಲ್ಲಿ ಕೇಳಿದ ಮೈದುನ ಎಲ್ಲರನ್ನೂ ಇಸ್ತ್ರಿ ಮೇಜಿನ ಸುತ್ತ ಸೇರಿಸಿದ.

“ಅತ್ತಿಗೇನ ಇನ್ಮೇಲೆ ಹೊಸ ಹೆಸರಲ್ಲೇ ಕರೀಬೇಕಲ್ವಾ?”

“ಬಲು ಉದ್ದ ಕಣೋ,” ಎಂದ ಅವಳ ಗಂಡ. “ಕರೆದು ಮುಗಿಸೋ ಹೊತ್ತಿಗೆ ಟೀ ಆರಿಹೋಗುತ್ತೆ.”

“ಅದರ ಅರ್ಥ ಏನಂತೆ?” ಎಂದರು ಅತ್ತೆ.

“ಎರಡು ಹೊಳೆ ನಡುವಿನ ನೆಲ,” ಎಂದಳು ಸೊಸೆ. “ನಾನು ಹೊಳೆನೂ ಅಲ್ಲ, ನೆಲನೂ ಅಲ್ಲ. ನಂಗೊಂದು ಹೆಸರಿದೆ. ಇನ್ಮೇಲೆ ಹಳೇದರಲ್ಲಿ ಕರೆದ್ರೂ ಓಗೊಡಲ್ಲ, ಹೊಸದರಲ್ಲಿ ಕರೆದ್ರೂ ಓಗೊಡಲ್ಲ.”

“ಮೂಗಿನ ಮೇಲೇ ಕೋಪ ನೋಡು,” ಎಂದು ಗಂಡ ನಕ್ಕ.

ಮಾರನೆಯ ಬೆಳಿಗ್ಗೆಯಿಂದಲೇ ಅವಳು ಹಠ ಹಿಡಿದಳು. ಸೋಪಿನ ಪುಡಿ ಎಲ್ಲಿ ಎಂದು ಗಂಡ ಹಳೆಯ ಹೆಸರಲ್ಲಿ ಕೂಗಿದ, ಗೋಡೆಗೆ ಕೂಗಿದಂತಾಯಿತು. ಮೈದುನ ಹೊಸದನ್ನು ತೊದಲಿದ. ಅವಳು ದಿಂಬಿನ ಚೀಲ ಮಡಚುತ್ತಲೇ ಇದ್ದಳು.

ಮಧ್ಯಾಹ್ನ ಅತ್ತೆಯ ಕೊರಳಿನ ಶಾಲು ಬಟ್ಟೆ ಹಿಂಡುವ ಯಂತ್ರದ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ಅವರು ಹಳೆಯ ಹೆಸರು ಹಿಡಿದು ಕೂಗಿದರು. ಬೆನ್ನು ಹಾಕಿ ಕೂತಿದ್ದ ಸೊಸೆ, ಮತ್ತೆ ಸೋಪಿನ ಪುಡಿಯೇ ಇರಬೇಕು ಎಂದುಕೊಂಡು ತಿರುಗಲಿಲ್ಲ. ಆಗ ಅತ್ತೆ ಅವಳ ಸ್ವಂತ ಹೆಸರನ್ನು ಕೂಗಿದರು, ತವರಿನವರು ಕರೆಯುವ ಹಾಗೆಯೇ ಕೊನೆಯನ್ನು ಎಳೆದು. ಅವಳು ಓಡಿ ಬಂದು ಸ್ವಿಚ್ ಆರಿಸಿದಳು.

ಕತ್ತು ನೀವಿಕೊಳ್ಳುತ್ತ ಕೂತ ಅತ್ತೆಗೆ ನೀರು ಕೊಟ್ಟಳು. “ನನ್ನ ಹೆಸರು ನಿಮಗೆ ಗೊತ್ತಿತ್ತಾ ಅತ್ತೆ?”

“ಗೊತ್ತಿಲ್ದೆ ಏನು? ನಿನ್ನ ಕಳಿಸಿಕೊಡುವಾಗ ನಿಮ್ಮಮ್ಮ ಕರೆದಿದ್ದು ಇನ್ನೂ ಕಿವೀಲಿದೆ.”

“ಮತ್ತೆ ಒಂದು ಸಲನೂ ಕರೀಲಿಲ್ಲ?”

“ಯಾರೂ ಕರೀತಿರಲಿಲ್ಲ, ನಾನೂ ಕರೀಲಿಲ್ಲ. ಅದಕ್ಕೆ ನನ್ನ ಕತ್ತು ಹಿಸುಕಿಸ್ಬೇಕಿತ್ತೇನೇ?”

ಸಂಜೆಯೊಳಗೆ ಮನೆಮಂದಿಗೆಲ್ಲ ಆ ಹೆಸರು ಬಾಯಿಗೆ ಹತ್ತಿತು. ಸೋಪಿನ ಪುಡಿಗೂ ಅದೇ ಕೂಗು, ಕಾಣದ ಚಪ್ಪಲಿಗೂ ಅದೇ, ಕಿತ್ತುಹೋದ ಗುಂಡಿಗೂ ಅದೇ. ದರ್ಜಿಯೂ ಇಣುಕಿ, ಕೆಲಸವಿಲ್ಲದಿದ್ದರೂ ಒಮ್ಮೆ ಕರೆದು ನೋಡಿದ.

“ಒಳ್ಳೇ ಕಾಟ ಆಯ್ತಲ್ಲ,” ಎಂದು ಗೊಣಗುತ್ತ ಅವಳು ಒಂದೊಂದು ಕೂಗಿಗೂ ತಪ್ಪದೆ “ಬಂದೆ” ಎಂದಳು.