ಹೆಪ್ಪಿನ ಜಾಡಿ

ಯಾಜೆನ್‌ಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಜಿನ್‌ಜ್ಯಾಂಗಿನ ಬೂಟಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಅಟ್ಟೆಗೆ ಅಂಟು ಬಳಿದಿದ್ದಳು. ಒಂಬತ್ತನೆಯ ವರ್ಷ ಮೊದಲು ಅನ್ನದ ವಾಸನೆ ಹೋಯಿತು, ಆಮೇಲೆ ಸಮುದ್ರದ್ದು, ಕೊನೆಗೆ ಅಂಟಿನದೂ ಹೋಯಿತು. ಅಂಟಿನದು ಹೋದಾಗ ಅವಳಿಗೆ ಹಾಯೆನಿಸಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ಪು ಗೆನ್‌ಶುಯಿಗಂತೂ ಹೇಳುವ ಹಾಗೇ ಇರಲಿಲ್ಲ. ಚ್ವಾನ್‌ಜೋ ಪಟ್ಟಣದ ದಕ್ಷಿಣ ಬಾಗಿಲ ಓಣಿಯಲ್ಲಿ ಅವರದು ಊದುಬತ್ತಿ ಹೊಸೆಯುವ ಮನೆ. ಅರಬರ ಹಡಗು ಬರುತ್ತಿದ್ದ ಕಾಲದಿಂದ ಇದೇ ಕಸುಬು ಎಂದು ಅಪ್ಪ ಹೇಳುತ್ತಿದ್ದ. ಕುಡಿದಾಗ ಅದಕ್ಕೆ ಇನ್ನೂರು ವರ್ಷ ಸೇರಿಸುತ್ತಿದ್ದ. ಬೆರಕೆಯ ಲೆಕ್ಕ ಎಲ್ಲೂ ಬರೆದಿಟ್ಟದ್ದಲ್ಲ. ಅಗರು, ಗಂಧ, ಲವಂಗ, ಎಲ್ಲ ಮೂಗಿನ ಅಳತೆ. ಕೊನೆಗೆ ಹೆಪ್ಪು. ಹಳೆಯ ಜಾಡಿಯಿಂದ ಒಂದು ಹಿಡಿ ಪುಡಿ ತೆಗೆದು ಹೊಸ ರಾಶಿಗೆ ಬೆರೆಸಬೇಕು, ಬೆರೆತ ಮೇಲೆ ರಾಶಿಯಿಂದ ಒಂದು ಹಿಡಿ ಜಾಡಿಗೆ ವಾಪಸು ಹಾಕಬೇಕು. ಮುತ್ತಜ್ಜನ ಕಾಲದಿಂದ ಆ ಜಾಡಿ ಬರಿದಾಗಿರಲಿಲ್ಲ.

ಕಾರ್ಖಾನೆ ಮುಚ್ಚಿ ಅವಳು ಮನೆಗೆ ಬಂದ ದಿನವೇ ಅಪ್ಪ ಚಮಚ ಕೈಗಿತ್ತಿದ್ದ.

"ಮೂಗಿದ್ರೆ ಕೆಲಸ ಇದೆ. ಇಲ್ಲಾಂದ್ರೆ ನಿನ್ ಚಿಕ್ಕಪ್ಪನ ಮಗ ಯಂತ್ರ ತಂದು ಕೂರಿಸ್ತೀನಿ ಅಂತಾನೆ. ಅವನಿಗೇ ಕೊಟ್ಬಿಡ್ತೀನಿ."

"ಇದೆ" ಎಂದಳು ಯಾಜೆನ್. ಹೋಗಲು ಬೇರೆ ಜಾಗವಿರಲಿಲ್ಲ.

ಆರು ವರ್ಷ ಅವಳೇ ಬೆರೆಸಿದಳು. ಅಪ್ಪ ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದ. ಅವಳು ಚಮಚವನ್ನು ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು. ಅಗರು ಸಾಕಾದಾಗ ಅವನ ಎಡಹುಬ್ಬು ಸಡಿಲವಾಗಿ ಇಳಿಯುತ್ತಿತ್ತು. ಲವಂಗ ಹೆಚ್ಚಾದರೆ ಮೂಗಿನ ಹೊಳ್ಳೆ ಬಿಗಿಯುತ್ತಿತ್ತು. ಅದು ಅವನಿಗೇ ತಿಳಿದಿರಲಿಲ್ಲ. "ನಿನ್ನಜ್ಜನ ಮೂಗೇ ಬಂದಿದೆ ನಿಂಗೆ" ಎನ್ನುತ್ತಿದ್ದ. ಅವಳು ತಲೆ ಬಗ್ಗಿಸಿ ಕಡ್ಡಿ ಹೊಸೆಯುತ್ತಿದ್ದಳು.

ಈ ವರ್ಷ ವಸಂತದಲ್ಲಿ ಎಂದಿನ ಹಾಗೆ ಗೋಡೆ ಬೆವರಿತು. ನೆಲದ ಹಂಚಿನ ಮೇಲೆ ನೀರು ನಿಂತಿತು. ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ. ಕಡಲು ಕಾಯುವ ಮಾಜು ದೇವಿಯ ಹುಟ್ಟುಹಬ್ಬಕ್ಕೆ ಹದಿನೆಂಟು ದಿನ ಉಳಿದಿತ್ತು. ಗುಡಿಗೆ ನೂರಿಪ್ಪತ್ತು ಕಟ್ಟು ಕೊಡಬೇಕಿತ್ತು.

"ಹೆಪ್ಪನ್ನ ಮೂಸಿ ನೋಡಿ ಹಾಕು" ಎಂದ ಅಪ್ಪ, ಹಾಸಿಗೆಯಿಂದ. "ಈ ತೇವದಲ್ಲಿ ಮುಚ್ಚಳ ನಂಬಕ್ಕಾಗಲ್ಲ."

"ಜಾಡಿ ಇಲ್ಲಿಗೇ ತರ್ಲಾ? ನೀನೇ ನೋಡು."

"ಇಲ್ಲಿಗಾ? ಈ ಔಷಧಿ ನಾತದಲ್ಲಿ ನನ್ ಕಾಲು ಯಾವ್ದು, ಪಕ್ಕದವನ ಕಾಲು ಯಾವ್ದು ಅಂತ್ಲೇ ಗೊತ್ತಾಗಲ್ಲ. ಯಾಕೆ, ನಿಂಗೆ ಮೂಗಿಲ್ವಾ?"

ಪಕ್ಕದ ಹಾಸಿಗೆಯವನು ನಕ್ಕ. ಯಾಜೆನ್ ಬಾಯಿ ತೆರೆದಳು. "ನೋಡ್ತೀನಿ" ಎಂದು ಮುಚ್ಚಿದಳು.

ಮನೆಗೆ ಬಂದು ಜಾಡಿ ಇಳಿಸಿದಳು. ಮುಚ್ಚಳದ ಸುತ್ತ ಮೆತ್ತಿದ್ದ ಮೇಣ ಒಂದು ಕಡೆ ಉಗುರಿನಷ್ಟಗಲ ಬಿರಿದಿತ್ತು. ಅಭ್ಯಾಸಬಲದಿಂದ ಮೂಗು ಹತ್ತಿರ ಒಯ್ದಳು. ಪುಡಿ ಕಪ್ಪಗಿತ್ತು, ಅದು ಯಾವಾಗಲೂ ಕಪ್ಪೇ. ನಾಲಿಗೆಗೆ ಹಚ್ಚಿದಳು, ಕಹಿ. ಅದೂ ಯಾವಾಗಲೂ ಕಹಿಯೇ. ಎದುರಿನ ಮಣೆ ಖಾಲಿ ಇತ್ತು. ಒಂದು ಹಿಡಿ ತೆಗೆದು ರಾಶಿಗೆ ಹಾಕಿದಳು.

ಹಬ್ಬದ ಬೆಳಿಗ್ಗೆ ಹುಯಿ ಅಜ್ಜಿ ಬಂದಳು. ಗುಡಿಯ ಮುಂದೆ ಸಿಂಪಿ ಮಾರುವ ಮುದುಕಿ. ಹಬ್ಬಕ್ಕೆಂದು ತುರುಬಿನ ಸುತ್ತ ಮೂರು ಸುತ್ತು ಹೂ ಮುಡಿದಿದ್ದಳು. ಕೈಯಲ್ಲಿ ಅರ್ಧ ಉರಿದ ಕಡ್ಡಿ.

"ಏ ಯಾಜೆನ್, ಏನೇ ಇದು? ಒದ್ದೆ ನಾಯಿನ ಸುಟ್ಟಂಗೆ ನಾರ್ತದೆ. ನನ್ ಮೂರು ದಿನದ ಸಿಂಪಿನೂ ಇಷ್ಟು ನಾರಲ್ಲ. ಗುಡಿಯೋರು ಎಲ್ಲಾ ಕಿತ್ತು ನೀರಿಗೆ ಹಾಕಿದ್ರು."

ಯಾಜೆನ್ ಕಡ್ಡಿ ಇಸಿದುಕೊಂಡು ಮುಖದ ಹತ್ತಿರ ಹಿಡಿದಳು. ಹೊಗೆಗೆ ಕಣ್ಣು ಉರಿಯಿತು, ಅಷ್ಟೇ.

ಮರುದಿನ ಅಪ್ಪ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಅವನು ಹೊರಡುವ ಮೊದಲೇ ಸುದ್ದಿ ಆಸ್ಪತ್ರೆ ತಲುಪಿತ್ತು. ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದ, ತಕ್ಷಣ ಮುಚ್ಚಿದ.

"ಬೂಷ್ಟು. ತಳದವರೆಗೂ" ಎಂದ. "ಯಾವತ್ತಿಂದ ನಿಂಗೆ ಮೂಗಿಲ್ಲ?"

"ಕಾರ್ಖಾನೇಲಿ. ಒಂಬತ್ತನೇ ವರ್ಷ."

ಅಪ್ಪ ಮನಸ್ಸಿನಲ್ಲೇ ವರ್ಷ ಎಣಿಸಿದ. "ಆ ವರ್ಷ ನೀನು ಕಳಿಸಿದ ದುಡ್ಡಲ್ಲೇ ಒಳ್ಳೇ ಅಗರು ತಂದಿದ್ದು."

"ಗೊತ್ತು."

"ಮತ್ತೆ ಇಲ್ಲೀವರೆಗೂ ಹೆಂಗೆ ಬೆರೆಸಿದೆ?"

"ನಿನ್ ಮುಖ ನೋಡಿ."

ಅಪ್ಪ ಗಾಲಿ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿಕೊಂಡ. ಸಂಜೆಯವರೆಗೂ ತಿರುಗಲಿಲ್ಲ. ಗಂಜಿ ಇಟ್ಟಳು, ಕೆನೆ ಕಟ್ಟಿತು.

ಸಂಜೆ ಹುಯಿ ಅಜ್ಜಿ ಮತ್ತೆ ಬಂದು, ಹೋದ ವರ್ಷದ ಕಟ್ಟಿನಲ್ಲಿ ಉಳಿದದ್ದು ಎಂದು ಮೂರು ಕಡ್ಡಿ ಕೊಟ್ಟುಹೋದಳು.

"ಇದನ್ನ ಕೆರೆದು ಹೆಪ್ಪು ಮಾಡಿದ್ರೆ?" ಎಂದಳು ಯಾಜೆನ್, ಅವನ ಬೆನ್ನಿಗೆ.

"ಹಿಡಿ ಬೇಕು. ಅದು ಚಿಟಿಕೆ."

"ಹೆಪ್ಪಿಲ್ದೆ ಬೆರೆಸೋಣ. ನೀನಿದ್ದೀಯಲ್ಲ."

"ಹೆಪ್ಪಿಲ್ದಿದ್ರೆ ಅದು ಯಾರದೋ ಬತ್ತಿ. ಅಷ್ಟಕ್ಕೆ ನಿನ್ ಚಿಕ್ಕಪ್ಪನ ಮಗನ ಯಂತ್ರ ಸಾಕು. ನಾಳೆ ಅವನಿಗೆ ಫೋನ್ ಮಾಡು." ಕೈ ಹಿಂದಕ್ಕೆ ಚಾಚಿದ. "ಕೊಡು ಇಲ್ಲಿ."

ಮೂರನ್ನೂ ಒಟ್ಟಿಗೆ ಹಚ್ಚಿ ಜಾಡಿಯ ಮುಂದೆ ಸಿಕ್ಕಿಸಿದ. ಆಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿ ದೀಪದ ಬೆಳಕಿಗೆ ಮುಖ ಎತ್ತಿದ.

"ನೋಡ್ಕೋ" ಎಂದ.

ಅವಳು ನೋಡಿದಳು. ಎಡಹುಬ್ಬು ನಿಧಾನವಾಗಿ ಇಳಿಯಿತು. ಕಡ್ಡಿಗಳು ಬುಡದವರೆಗೆ ಉರಿದು ಬೂದಿ ಬೀಳುವವರೆಗೂ ಇಬ್ಬರೂ ಹಾಗೇ ಕುಳಿತಿದ್ದರು.

ಹೋದದ್ದು ಇಷ್ಟು: ಗುಡಿಯ ನೂರಿಪ್ಪತ್ತು ಕಟ್ಟು, ಜಾಡಿಯೊಳಗಿನ ನಾಲ್ಕು ಸೇರು ಪುಡಿ, ಹುಯಿ ಅಜ್ಜಿಯ ಮೂರು ಕಡ್ಡಿ.